ಒಂದೇ ವಿಷ ಹಿಡಿಯುತ್ತದೆ, ಅದನ್ನು ಚೆನ್ನಾಗಿ ಹಿಡಿಯುತ್ತದೆ: ಗೋಧಿ ಪರೀಕ್ಷೆಯ ಪಟ್ಟಿ ಕಿಟ್

ಹೋದ ವರ್ಷ ಜುಲೈ ಮೊದಲ ವಾರ, ಗೋಧಿ ಹೂ ಬಿಡುವ ಹೊತ್ತಿಗೇ ಸರಿಯಾಗಿ ನಮ್ಮ ಕಡೆ ಮಳೆ ಹಿಡಿದುಕೊಂಡಿತು. ನಮ್ಮ ಕಡೆ ಅಂದರೆ ಈಗ ಕೆನಡಾದ ಮ್ಯಾನಿಟೋಬಾ. ಹುಟ್ಟಿದ್ದು ಅಣ್ಣಿಗೇರಿ ಹತ್ತಿರದ ಒಂದು ಹಳ್ಳಿಯಲ್ಲಿ. ಓದಿದ್ದು ಧಾರವಾಡ ಕೃಷಿ ವಿಶ್ವವಿದ್ಯಾಲಯದಲ್ಲಿ, ಸಸ್ಯರೋಗದ ವಿಭಾಗ. ಮದುವೆಯಾಗಿ ವಿನ್ನಿಪೆಗ್‌ಗೆ ಬಂದು ಹನ್ನೊಂದು ವರ್ಷ ಆಯಿತು. ಈಗ ಗ್ಯಾರೇಜಿನಲ್ಲಿ ಒಂದು ಸಣ್ಣ ಕಲ್ಲಿನ ಗಿರಣಿ ಇದೆ. ಪರಿಚಯದ ಮೂವತ್ತು ನಲವತ್ತು ಮನೆಗೆ ಚಪಾತಿ ಹಿಟ್ಟು ಬೀಸಿ ಕೊಡುತ್ತೇನೆ. ಗೋಧಿ ಬರುವುದು ನಲವತ್ತು ಕಿಲೋಮೀಟರ್ ದೂರದ ಒಬ್ಬ ಅಜ್ಜನ ಹೊಲದಿಂದ.

ಆಗಸ್ಟ್ ಕೊನೆಗೆ ಆ ಅಜ್ಜ ಫೋನ್ ಮಾಡಿ, ಈ ಸಲ ಕಾಳು ಸ್ವಲ್ಪ ಬೆಳ್ಳಗಿದೆ, ನೋಡಿ ತಗೊಳ್ಳಮ್ಮ ಅಂದರು. ಹೋಗಿ ಅಂಗೈ ಮೇಲೆ ಹಾಕಿ ನೋಡಿದೆ. ಒಳ್ಳೆಯ ಕೆಂಪು ಕಾಳಿನ ನಡುವೆ ಅಲ್ಲಲ್ಲಿ ಸುಣ್ಣ ಬಳಿದ ಹಾಗೆ ಸುಕ್ಕಿದ ಕಾಳು. ಒಂದೆರಡರ ಮೇಲೆ ನಸು ಗುಲಾಬಿ ಬಣ್ಣ. ಓದಿದ್ದು ಮರೆತಿರಬಹುದು, ಇದು ಮರೆಯುವಂಥದ್ದಲ್ಲ. ಫ್ಯುಸೇರಿಯಂ ಗ್ರ್ಯಾಮಿನಿಯೇರಂ. ತೆನೆಗೆ ಬರುವ ಶಿಲೀಂಧ್ರ, ಅಂದರೆ ಬೂಸ್ಟು. ಬರೀ ಕಾಳು ಸುಕ್ಕಿಸಿ ಹೋಗಿದ್ದರೆ ತೂಕದ ನಷ್ಟ ಅಷ್ಟೇ. ಇದು ಕಾಳಿನೊಳಗೆ ವಿಷ ಬಿಟ್ಟು ಹೋಗುತ್ತದೆ. ಡಿಆಕ್ಸಿನಿವಲೆನಾಲ್ ಅಂತ ಉದ್ದ ಹೆಸರು, ಎಲ್ಲರೂ ಡಾನ್ ಅನ್ನುತ್ತಾರೆ. ತಿಂದ ಹಂದಿ ವಾಂತಿ ಮಾಡುತ್ತದೆ ಅಂತ ಇಲ್ಲಿನ ರೈತರ ಬಾಯಲ್ಲಿ ಅದು ವಾಮಿಟಾಕ್ಸಿನ್. ಬೇಯಿಸಿದರೆ ಹೋಗುತ್ತದಾ ಅಂತ ಕೇಳುತ್ತೀರಿ. ಇಲ್ಲ. ಹಂಚಿನ ಶಾಖಕ್ಕೆ ಅದು ಜಗ್ಗುವುದಿಲ್ಲ.

ಡಾನ್ ಅಳೆಯುವ ಪಟ್ಟಿಯ ಕಿಟ್ ತರಿಸಿದ್ದು ಇದಕ್ಕೇ. ಕಂಪನಿ ಹೆಸರು ಬರೆಯುವುದಿಲ್ಲ, ಯಾಕೆಂದರೆ ಮುಂದೆ ಸ್ವಲ್ಪ ಬೈಯುವುದಿದೆ, ಮತ್ತು ಈ ತರಹದ ಕಿಟ್‌ಗಳು ಹೆಚ್ಚುಕಡಿಮೆ ಒಂದೇ ರೀತಿ ಕೆಲಸ ಮಾಡುತ್ತವೆ. ಒಂದು ಡಬ್ಬಿಯಲ್ಲಿ 25 ಪಟ್ಟಿ, ಅಷ್ಟೇ ಸಣ್ಣ ಟ್ಯೂಬ್, ಒಂದು ಬಾಟಲಿ ಬಫರ್ ಎಂಬ ಬೆರೆಸುವ ದ್ರವ. ಗೆರೆ ಓದುವ ಯಂತ್ರ ಬೇರೆ ಕೊಳ್ಳಬೇಕು. ನಾನು ಹಳೆಯದನ್ನು ಅರ್ಧ ಬೆಲೆಗೆ ತಗೊಂಡೆ.

ಬಳಸುವುದು ಸುಲಭ. ಕಾಳು ನುಣ್ಣಗೆ ಬೀಸಿ, 10 ಗ್ರಾಂ ಹಿಟ್ಟಿಗೆ 50 ಎಂಎಲ್ ನೀರು ಹಾಕಿ, ಮುಚ್ಚಳ ಬಿಗಿದು ಚೆನ್ನಾಗಿ ಕುಲುಕಬೇಕು. ಡಾನ್ ನೀರಿನಲ್ಲಿ ಕರಗುತ್ತದೆ. ಹಾಗಾಗಿ ಅಫ್ಲಾಟಾಕ್ಸಿನ್ ಎಂಬ ಇನ್ನೊಂದು ಬೂಸ್ಟು ವಿಷದ ಪರೀಕ್ಷೆಯಲ್ಲಿ ಸಾಮಾನ್ಯವಾಗಿ ಬೇಕಾಗುವ ವಿಷಕಾರಿ ಮೆಥನಾಲ್ ಇಲ್ಲಿ ಬೇಡ. ಮನೆಯಲ್ಲಿ ಮಕ್ಕಳಿರುವವರಿಗೆ ಇದೊಂದು ದೊಡ್ಡ ಸಮಾಧಾನ. ತಿಳಿ ಮೇಲೆ ಬಂದ ಮೇಲೆ ಒಂದು ಹನಿ ತೆಗೆದು ಬಫರ್‌ಗೆ ಬೆರೆಸಿ ಪಟ್ಟಿ ಅದ್ದಿದರೆ ಕೆಲವೇ ನಿಮಿಷಕ್ಕೆ ಗೆರೆ ಮೂಡುತ್ತದೆ.

ಮೊದಲ ದಿನ ಇಲ್ಲೇ ಎಡವಿದೆ. ಯಂತ್ರ ಇನ್ನೂ ಬಂದಿರಲಿಲ್ಲ. ಒಂದು ಗೆರೆ ಗಾಢವಾಗಿ ಬಂತು, ಇನ್ನೊಂದು ಕಂಡೂ ಕಾಣದ ಹಾಗಿತ್ತು. ಗೆರೆ ಮಾಸಿದೆ, ಅಂದರೆ ವಿಷ ಕಡಿಮೆ ಅಂತ ಖುಷಿಪಟ್ಟು ನಮ್ಮವರಿಗೆ ಕರೆದು ತೋರಿಸಿದೆ. ಅವರು ಡಬ್ಬಿಯೊಳಗಿನ ಚೀಟಿ ಓದಿ, ಉಲ್ಟಾ ಅಲ್ವಾ ಇದು ಅಂದರು. ಉಲ್ಟಾನೇ. ಬಸಿರು ಪರೀಕ್ಷೆಯ ಪಟ್ಟಿಯಲ್ಲಿ ಗೆರೆ ಬಂದರೆ ಇದೆ ಅಂತ ಅರ್ಥ. ಇದರಲ್ಲಿ ಗೆರೆ ಮಾಸಿದರೆ ಇದೆ ಅಂತ ಅರ್ಥ. ಪಟ್ಟಿಯ ಮೇಲೆ ಮೊದಲೇ ಸ್ವಲ್ಪ ಡಾನ್ ಕೂರಿಸಿರುತ್ತಾರೆ. ಆಂಟಿಬಾಡಿ ಅಂದರೆ ಡಾನನ್ನು ಗುರುತಿಸಿ ಹಿಡಿಯುವ ಪ್ರೋಟೀನ್. ಬಂಗಾರದ ಅತಿಸಣ್ಣ ಕಣ ಕಟ್ಟಿದ ಆ ಆಂಟಿಬಾಡಿ ನೀರಿನ ಜೊತೆ ಮೇಲೇರಿ ಬಂದು ಅದಕ್ಕೆ ಅಂಟಿದರೆ ಕೆಂಪು ಗೆರೆ ಕಾಣುತ್ತದೆ. ನಮ್ಮ ಹಿಟ್ಟಿನಲ್ಲೇ ಡಾನ್ ಇದ್ದರೆ ಆಂಟಿಬಾಡಿಯ ಕೈ ಅಲ್ಲೇ ತುಂಬಿರುತ್ತದೆ, ಗೆರೆಗೆ ಅಂಟುವುದಿಲ್ಲ. ವಿಷ ಜಾಸ್ತಿ ಆದಷ್ಟೂ ಗೆರೆ ಮಾಸುತ್ತದೆ. ಕಣ್ಣಳತೆಯಲ್ಲಿ ಓದಲು ಹೋಗಬೇಡಿ. ಯಂತ್ರ ಇಲ್ಲದಿದ್ದರೆ ಈ ಕಿಟ್‌ನಿಂದ ಅರ್ಧ ಉಪಯೋಗ ಅಷ್ಟೇ.

ಯಂತ್ರ ಬಂದ ಮೇಲೆ ಸಿಕ್ಕ ಅಂಕಿ 1.7 ಪಿಪಿಎಂ, ಅಂದರೆ ಕಿಲೋಗೆ 1.7 ಮಿಲಿಗ್ರಾಂ. ಅಮೆರಿಕದ ಆಹಾರ ಮತ್ತು ಔಷಧ ಸಂಸ್ಥೆ ಎಫ್‌ಡಿಎ, ಜನ ತಿನ್ನುವ ಗೋಧಿ ಪದಾರ್ಥಕ್ಕೆ ಸೂಚಿಸಿದ ಮಿತಿ 1 ಪಿಪಿಎಂ. ಭಾರತದಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಗೋಧಿಗೆ ಇಟ್ಟ ಮಿತಿಯೂ ಕಿಲೋಗೆ 1000 ಮೈಕ್ರೋಗ್ರಾಂ, ಅಂದರೆ ಅದೇ 1.

ನಂಬಿಕೆ ಬರಲಿಲ್ಲ. ಇನ್ನೊಂದು ಚೀಲದಿಂದ ಒಂದು ಬೊಗಸೆ ತೆಗೆದು ನೋಡಿದೆ. 0.4. ಮತ್ತೊಂದರ ತಳದಿಂದ ತೆಗೆದೆ. 2.3! ಕಿಟ್ ಕೆಟ್ಟಿದೆ ಅಂತ ಬೈದುಕೊಂಡೆ. ಕೆಟ್ಟಿರಲಿಲ್ಲ, ತಪ್ಪು ನನ್ನದು. ವಿಷ ಸಕ್ಕರೆಯ ಹಾಗೆ ಸಮನಾಗಿ ಬೆರೆತಿರುವುದಿಲ್ಲ. ನೂರು ಕಾಳಿನಲ್ಲಿ ಎರಡು ಮೂರು ಕಾಳು ಅಷ್ಟನ್ನೂ ಹೊತ್ತಿರುತ್ತವೆ. ಆ ಕಾಳು ಬೊಗಸೆಗೆ ಬಂದರೆ ಒಂದು ಲೆಕ್ಕ, ಬರದಿದ್ದರೆ ಇನ್ನೊಂದು. ಆಮೇಲೆ ಚೀಲಕ್ಕೆ ಚುಚ್ಚಿ ಕಾಳು ತೆಗೆಯುವ ಉದ್ದನೆಯ ಕೊಳವೆ ತಂದು, ಪ್ರತಿ ಚೀಲದ ಮೇಲೆ, ನಡುವೆ, ತಳದಿಂದ ತೆಗೆದು, ಎಲ್ಲ ಕಲೆಸಿ, ಎರಡು ಕೆಜಿ ಬೀಸಿ, ಅದರಿಂದ 10 ಗ್ರಾಂ ತೆಗೆದೆ. ಮೂರು ಸಲ ಮಾಡಿದೆ: 1.5, 1.7, 1.6. ಈ ಕಿಟ್ ಕೊಳ್ಳುವವರು ಪಟ್ಟಿಗಿಂತ ಆ ಕೊಳವೆಗೆ ಮೊದಲು ದುಡ್ಡು ಹಾಕಿ.

ಅವ್ವನಿಗೆ ಫೋನಿನಲ್ಲಿ ಇದೆಲ್ಲ ಹೇಳಿದರೆ ಅವಳು ನಕ್ಕಳು. "ಜೊಳ್ಳು ಕಾಳಿಗೆ ಇಷ್ಟ್ಯಾಕ ಒದ್ದಾಡ್ತಿ ಯವ್ವಾ, ಮರದಾಗ ಹಾಕಿ ಕೇರು."

ಊರಿಂದ ತಂದ ಬಿದಿರಿನ ಮೊರ ಅಟ್ಟದ ಮೇಲೆ ಇತ್ತು. ಐದು ಕೆಜಿ ಗೋಧಿ ಹಾಕಿಕೊಂಡು ಕೂತೆ. ಕೈ ಮರೆತಿರಲಿಲ್ಲ. ಎರಡು ಎತ್ತು ಎತ್ತಿ ಒಂದು ಕುಲುಕು ಕೊಟ್ಟರೆ ಬೆಳ್ಳಗಿನ ಕಾಳೆಲ್ಲ ಮುಂದಿನ ಅಂಚಿಗೆ ಬಂದು ನಿಲ್ಲುತ್ತದೆ. ಬೂಸ್ಟು ಒಳಗಿನ ಹಿಟ್ಟನ್ನು ತಿಂದಿರುವುದರಿಂದ ಅದು ಹಗುರ. ಕೇರಿದ ಮೇಲೆ ಪಟ್ಟಿ ಅದ್ದಿದೆ. 0.9. ಹಾರಿಸಿದ ಜೊಳ್ಳನ್ನೇ ಬೇರೆ ಬೀಸಿ ನೋಡಿದರೆ ಯಂತ್ರ ಅಂಕಿಯನ್ನೇ ಕೊಡಲಿಲ್ಲ. ಅಳತೆ ಮೀರಿದೆ ಅಂತ ತೋರಿಸಿತು. ಅದರ ಮಿತಿ 5 ಪಿಪಿಎಂ. ಆಮೇಲೆ ಅಜ್ಜ ಉಳಿದ ಗೋಧಿಯನ್ನು ಬೀಜ ಶುದ್ಧ ಮಾಡುವ ಕಡೆ ಒಯ್ದು ಗ್ರ್ಯಾವಿಟಿ ಟೇಬಲ್ ಮೇಲೆ ಹಾಯಿಸಿಕೊಂಡು ಬಂದರು. ಅದು 0.6. ಆ ಯಂತ್ರವೂ ಮಾಡುವುದು ಅವ್ವನ ಕೆಲಸವನ್ನೇ: ತೂಕದ ಮೇಲೆ ಬೇರೆ ಮಾಡುವುದು. ಜೊಳ್ಳು ಅಜ್ಜನ ದನಗಳಿಗೆ, ಬೇರೆ ಮೇವಿನ ಜೊತೆ ಸ್ವಲ್ಪ ಸ್ವಲ್ಪ. ದನದ ಹೊಟ್ಟೆಯ ಸೂಕ್ಷ್ಮಜೀವಿಗಳು ಡಾನ್ ವಿಷವನ್ನು ಬಹಳಷ್ಟು ಮುರಿದುಹಾಕುತ್ತವೆ. ಹಂದಿಗೆ ಆ ಭಾಗ್ಯ ಇಲ್ಲ.

ಇಲ್ಲಿಗೆ ನಿಲ್ಲಿಸಿದ್ದರೆ ಐದಕ್ಕೆ ಐದು ನಕ್ಷತ್ರ ಕೊಡುತ್ತಿದ್ದೆ. ಆದರೆ ಚೀಟಿಯ ಹಿಂದಿನ ಪುಟ ಓದಿಬಿಟ್ಟೆ.

ಅಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಕೋಷ್ಟಕ ಇದೆ. ಈ ಆಂಟಿಬಾಡಿ ಯಾವುದಕ್ಕೆ ಎಷ್ಟು ಅಂಟುತ್ತದೆ ಎಂಬ ಲೆಕ್ಕ. ಡಾನ್‌ಗೆ ನೂರಕ್ಕೆ ನೂರು. ಅಣುವಿನ ಮೂರನೇ ಕಾರ್ಬನ್ ಮೇಲೆ ಅಸಿಟೈಲ್ ಎಂಬ ಸಣ್ಣ ರಾಸಾಯನಿಕ ತುಣುಕು ಕೂತ ಡಾನ್‌ಗೂ ಅಂಟುತ್ತದೆ. ಹದಿನೈದನೆಯದರ ಮೇಲೆ ಕೂತರೆ ತೀರಾ ಕಡಿಮೆ. ಡಾನ್‌ನ ಸೋದರ ವಿಷ ನಿವಲೆನಾಲ್‌ಗೆ ಹತ್ತಿರ ಹತ್ತಿರ ಸೊನ್ನೆ. ಮುಂದಿನ ಪುಟದಲ್ಲಿ ದಪ್ಪ ಅಕ್ಷರದಲ್ಲಿ ಗೋಧಿ ಸುರಕ್ಷಿತವೇ ತಿಳಿಯಿರಿ ಅಂತ ಬರೆದು, ಹಿಂದೆ ಇದನ್ನು ಮುಚ್ಚಿಟ್ಟಿದ್ದಾರೆ. ಇದು ನನಗೆ ಸರಿ ಅನ್ನಿಸಲಿಲ್ಲ. ಯಾಕೆ ಅಂತ ಹೇಳಬೇಕಾದರೆ ಬೂಸ್ಟಿನ ಒಳಗೆ ಹೋಗಬೇಕು. ಸ್ವಲ್ಪ ತಾಳ್ಮೆ ಇರಲಿ. ಕಾಲೇಜಿನಲ್ಲಿ ನನಗೆ ತುಂಬ ಇಷ್ಟವಾಗಿದ್ದ ಪಾಠ ಇದು.

ಈ ಫ್ಯುಸೇರಿಯಂಗೆ ಇರುವುದು ನಾಲ್ಕೇ ಕ್ರೋಮೋಸೋಮ್. ಅದರ ಪೂರ್ತಿ ಜೀನೋಮ್ 2007ರಲ್ಲಿ ಪ್ರಕಟವಾಯಿತು. ವಿಷ ಮಾಡುವ ಜೀನ್‌ಗಳಲ್ಲಿ ಹೆಚ್ಚಿನವು ಎರಡನೇ ಕ್ರೋಮೋಸೋಮಿನಲ್ಲಿ ಒಂದೇ ಓಣಿಯಲ್ಲಿ ಮನೆ ಮಾಡಿಕೊಂಡಿವೆ. ಅವುಗಳ ಹೆಸರು ಟ್ರೈ. ಟ್ರೈ-5 ಮೊದಲ ಕೆಲಸದವನು. ಜೀವಕೋಶದಲ್ಲಿ ಹೇಗೂ ಇರುವ ಫಾರ್ನೆಸೈಲ್ ಪೈರೋಫಾಸ್ಫೇಟ್ ಎಂಬ ಉದ್ದನೆಯ ಸರಪಳಿಯನ್ನು ಸುತ್ತಿ ಟ್ರೈಕೋಡೈಯೀನ್ ಎಂಬ ಉಂಗುರ ಮಾಡುತ್ತಾನೆ. ಟ್ರೈ-4 ಅದರ ಮೇಲೆ ನಾಲ್ಕು ಸಲ ಆಕ್ಸಿಜನ್ ಕೂರಿಸುತ್ತಾನೆ. ಟ್ರೈ-6 ಮತ್ತು ಟ್ರೈ-10 ಮೇಸ್ತ್ರಿಗಳು. ಅವರು ಹೂಂ ಅನ್ನದೆ ಉಳಿದವರು ಕೈ ಎತ್ತುವುದಿಲ್ಲ. ಟ್ರೈ-12 ತಯಾರಾದ ವಿಷವನ್ನು ಹೊರಗೆ ಸಾಗಿಸುವವನು.

ಟ್ರೈ-101 ಈ ಓಣಿಯಲ್ಲಿಲ್ಲ, ಬೇರೆ ಕ್ರೋಮೋಸೋಮಿನಲ್ಲಿದ್ದಾನೆ. ನನಗೆ ಇವನ ಕೆಲಸ ಬಹಳ ಮಜಾ ಅನ್ನಿಸುತ್ತದೆ. ಡಾನ್ ಹಿಡಿಯುವುದು ಜೀವಕೋಶದಲ್ಲಿ ಪ್ರೋಟೀನ್ ಮಾಡುವ ರೈಬೋಸೋಮನ್ನು. ಪ್ರೋಟೀನ್ ತಯಾರಿಯನ್ನೇ ನಿಲ್ಲಿಸುತ್ತದೆ. ಗೋಧಿಗೂ ರೈಬೋಸೋಮ್ ಇದೆ, ನಮಗೂ ಇದೆ, ಬೂಸ್ಟಿಗೂ ಇದೆ. ತಾನು ಮಾಡಿದ ವಿಷ ತನಗೇ ತಾಗಬಾರದಲ್ಲ? ಅದಕ್ಕೆ ಟ್ರೈ-101 ತಯಾರಿಯ ಮಧ್ಯದಲ್ಲೇ ಮೂರನೇ ಕಾರ್ಬನ್ ಮೇಲೆ ಒಂದು ಅಸಿಟೈಲ್ ಕೂರಿಸಿ ವಿಷದ ಹಲ್ಲು ಮೊಂಡು ಮಾಡುತ್ತಾನೆ. ಕತ್ತಿಗೆ ಒರೆ ಹಾಕಿದ ಹಾಗೆ. ಕೊನೆಯಲ್ಲಿ ಟ್ರೈ-8 ಆ ಒರೆ ತೆಗೆಯುತ್ತಾನೆ. ಕೆಲವು ತಳಿಯ ಟ್ರೈ-8 ಮೂರನೆಯದನ್ನು ಬಿಟ್ಟು ಹದಿನೈದನೇ ಕಾರ್ಬನ್ನಿನ ಅಸಿಟೈಲ್ ತೆಗೆಯುತ್ತದೆ. ಒಂದು ತಳಿ 3-ಅಸಿಟೈಲ್ ಗುಂಪು, ಇನ್ನೊಂದು 15-ಅಸಿಟೈಲ್ ಗುಂಪು ಅಂತ ಆಗುವುದು ಈ ಒಂದು ಜೀನಿನ ಫರಕಿನಿಂದ.

ಈಗ ನಿವಲೆನಾಲ್. ಅದಕ್ಕೂ ಡಾನ್‌ಗೂ ಇರುವ ವ್ಯತ್ಯಾಸ ನಾಲ್ಕನೇ ಕಾರ್ಬನ್ ಮೇಲಿನ ಒಂದೇ ಒಂದು ಆಕ್ಸಿಜನ್. ಅದನ್ನು ಕೂರಿಸುವವನು ಟ್ರೈ-13. ಡಾನ್ ಮಾಡುವ ತಳಿಗಳಲ್ಲಿ ಟ್ರೈ-13 ಜೀನ್ ಮುರಿದುಬಿದ್ದಿದೆ. ಜಾಗದಲ್ಲಿ ಇದೆ, ಕೆಲಸಕ್ಕೆ ಬರುವುದಿಲ್ಲ. ಮುರಿಯದೆ ಉಳಿದ ತಳಿಯಲ್ಲಿ ನಿವಲೆನಾಲ್ ತಯಾರಾಗುತ್ತದೆ. ಅಂದರೆ ಒಂದು ಜೀನ್ ನೆಟ್ಟಗಿದ್ದರೆ ನನ್ನ ಪಟ್ಟಿ ಕುರುಡು! ಹೊಲ ಅದೇ, ಸುಕ್ಕಿದ ಕಾಳು ಅದೇ, ವಿಷವೂ ಇದೆ, ಯಂತ್ರ 0.1 ಅನ್ನುತ್ತದೆ.

ಸುಮ್ನೆ ಹೆದರಿಸುತ್ತಿಲ್ಲ. ಕಾಶ್ಮೀರ ಕಣಿವೆಯಲ್ಲಿ 1987ರಲ್ಲಿ ಮಳೆಗೆ ಸಿಕ್ಕು ಬೂಸ್ಟು ಹಿಡಿದ ಗೋಧಿಯ ರೊಟ್ಟಿ ತಿಂದು ಸಾವಿರಾರು ಜನ ಹೊಟ್ಟೆನೋವು, ಭೇದಿಯಿಂದ ಒದ್ದಾಡಿದರು. ಆ ಹಿಟ್ಟಿನ ಮಾದರಿಗಳಲ್ಲಿ ಡಾನ್ ಸಿಕ್ಕಿತು, ಕೆಲವದರಲ್ಲಿ ನಿವಲೆನಾಲ್, ಟಿ-2 ಎಂಬ ಇನ್ನೊಂದು ವಿಷ ಕೂಡ ಸಿಕ್ಕವು. ಬೂಸ್ಟು ಒಂದೇ ವಿಷ ಮಾಡುತ್ತೇನೆ ಅಂತ ಯಾರಿಗೂ ಮಾತು ಕೊಟ್ಟಿಲ್ಲ.

ನಮ್ಮ ಮ್ಯಾನಿಟೋಬಾದಲ್ಲಿ ಗ್ರ್ಯಾಮಿನಿಯೇರಂ ಬಹುಪಾಲು ಡಾನ್ ಗುಂಪಿನದೇ. ಹಾಗಾಗಿ ಇಲ್ಲಿ ಕಿಟ್ ಕೆಲಸಕ್ಕೆ ಬರುತ್ತದೆ. ಆದರೆ ಫ್ಯುಸೇರಿಯಂ ಪೋಯೇ ಎಂಬ ಇನ್ನೊಂದು ಜಾತಿಯೂ ಇಲ್ಲಿನ ಹೊಲಗಳಲ್ಲಿದೆ, ಅದು ನಿವಲೆನಾಲ್ ಮಾಡುತ್ತದೆ. ಚೀನಾ, ಜಪಾನ್ ಕಡೆ ನಿವಲೆನಾಲ್ ತಳಿಗಳು ಸಾಮಾನ್ಯ. ಆ ಕಡೆ ಇರುವ ನಮ್ಮವರು ಯಾರಾದರೂ ಇದನ್ನು ಓದುತ್ತಿದ್ದರೆ, ಈ ಕಿಟ್ ಒಂದನ್ನೇ ನಂಬಿಕೊಂಡು ಕೂರಬೇಡಿ.

ಕಂಪನಿಗೆ ಇಮೇಲ್ ಬರೆದೆ. ಹನ್ನೊಂದು ದಿನ ಬಿಟ್ಟು ಉತ್ತರ ಬಂತು: ನಮ್ಮ ಕಿಟ್ ಡಾನ್ ಅಳೆಯಲು ಮಾತ್ರ. ಅದು ನನಗೂ ಗೊತ್ತಾಗಿತ್ತು. ಡಬ್ಬಿಯ ಮೇಲೆ ಹಾಗೇ ಬರೆಯಿರಿ ಅಂದದ್ದಕ್ಕೆ ಇವತ್ತಿನವರೆಗೂ ಉತ್ತರ ಇಲ್ಲ.

ಸಮಾಧಾನಕ್ಕೆ ಕೇರಿದ ಗೋಧಿಯ ಒಂದು ಪಾಲನ್ನು ದುಡ್ಡು ಕೊಟ್ಟು ಒಂದು ಲ್ಯಾಬಿಗೆ ಕಳಿಸಿದೆ. ಅವರು ಒಂದೊಂದು ವಿಷವನ್ನೂ ಬೇರೆ ಬೇರೆ ಗುರುತಿಸಿ ಅಳೆಯುವ ಎಲ್‌ಸಿ-ಎಂಎಸ್ ಯಂತ್ರದಲ್ಲಿ ನೋಡುತ್ತಾರೆ. ಡಾನ್ 1.0. ನನ್ನ ಪಟ್ಟಿ 0.9 ಅಂದಿತ್ತು. ಗ್ಯಾರೇಜಿನಲ್ಲಿ ಕೂತು ಮಾಡಿದ್ದಕ್ಕೆ ಇದಕ್ಕಿಂತ ಹತ್ತಿರ ಇನ್ನೇನು ಬೇಕು? ಈ ವಿಷಯದಲ್ಲಿ ಕಿಟ್‌ಗೆ ಪೂರ್ತಿ ಅಂಕ. ನಿವಲೆನಾಲ್ ಕಾಣಲಿಲ್ಲ. 3-ಅಸಿಟೈಲ್ ಡಾನ್ ಲೇಶ ಇತ್ತು. ಇನ್ನೊಂದು ಸಾಲು ನೋಡಿ ಮಾತ್ರ ಹುಬ್ಬೇರಿತು: ಡಾನ್-3-ಗ್ಲುಕೋಸೈಡ್ 0.15. ಇದು ಬೂಸ್ಟಿನ ಕೆಲಸ ಅಲ್ಲ, ಗೋಧಿಯದು. ಗಿಡ ತನ್ನನ್ನು ಕಾಪಾಡಿಕೊಳ್ಳಲು ಡಾನ್ ಮೇಲೆ ಒಂದು ಸಕ್ಕರೆ ಅಣು ಕಟ್ಟಿ ಅದರ ಕೈ ಕಟ್ಟುತ್ತದೆ. ತಿಂದ ಮೇಲೆ ನಮ್ಮ ಕರುಳಿನ ಸೂಕ್ಷ್ಮಜೀವಿಗಳು ಆ ಗಂಟು ಬಿಚ್ಚಬಲ್ಲವು. ಕಿಟ್‌ನ ಚೀಟಿಯಲ್ಲಿ ಇದರ ಸುದ್ದಿಯೇ ಇಲ್ಲ.

ಹಾಗಾದರೆ ಕಣ್ಣಲ್ಲಿ ನೋಡಿ ಕೇರಿದರೆ ಸಾಲದಾ, ಪಟ್ಟಿ ಯಾಕೆ ಅಂತ ಅಜ್ಜನೂ ಕೇಳಿದರು. ಅವರಿಗೆ 1993 ಚೆನ್ನಾಗಿ ನೆನಪಿದೆ. ಇಲ್ಲಿನ ರೆಡ್ ರಿವರ್ ಕಣಿವೆಯಲ್ಲಿ ಈ ರೋಗ ಬೆಳೆಯನ್ನೇ ಮುಗಿಸಿದ ವರ್ಷ ಅದು. ನಾನು ಹೇಳಿದ್ದು ಇಷ್ಟು. ಆಗ ಈ ಕಡೆ 15-ಅಸಿಟೈಲ್ ಗುಂಪು ಜಾಸ್ತಿ ಇತ್ತು. ಆಮೇಲೆ 3-ಅಸಿಟೈಲ್ ಗುಂಪು ನುಗ್ಗಿತು. ಪಶ್ಚಿಮ ಕೆನಡಾದಲ್ಲಿ 1998ರಿಂದ 2004ರ ಒಳಗೆ ಅದರ ಪಾಲು ಹದಿನಾಲ್ಕು ಪಟ್ಟು ಮೀರಿ ಹೆಚ್ಚಾಯಿತು. ಈ ಹೊಸಬರು ವಿಷ ಮಾಡುವುದೂ ಜಾಸ್ತಿ. ಹಾಗಾಗಿ ಇಷ್ಟು ಬೆಳ್ಳಗಿನ ಕಾಳಿದ್ದರೆ ಇಷ್ಟು ವಿಷ ಎಂಬ ಹಳೆಯ ಕಣ್ಣಳತೆ ಈಗ ನಡೆಯುವುದಿಲ್ಲ. ಕಣ್ಣು ಕಾಳನ್ನು ನೋಡುತ್ತದೆ, ಒಳಗಿನ ಟ್ರೈ-8 ಯಾವ ತರಹದ್ದು ಅಂತ ನೋಡುವುದಿಲ್ಲ. ಅಜ್ಜ ತಲೆ ಕೆರೆದುಕೊಂಡು, ಅಳೆದುಬಿಡು ಅಂದರು.

ಜೀನನ್ನೇ ನೋಡುವ ಪಿಸಿಆರ್ ಸೇವೆಯೂ ಇದೆಯಲ್ಲ ಅಂತ ಓದುಗರಲ್ಲಿ ಯಾರಾದರೂ ಕೇಳಬಹುದು. ಇದೆ. ಟ್ರೈ-3, ಟ್ರೈ-12 ಜೀನ್ ಮೇಲೆ ಪ್ರೈಮರ್ ಎಂಬ ಸಣ್ಣ ಡಿಎನ್‌ಎ ತುಂಡು ಹಾಕಿ ಯಾವ ಗುಂಪು ಅಂತ ಹೇಳುತ್ತಾರೆ. ಆದರೆ ಅದು ಯಾರ ಕೈಯಲ್ಲಿ ಯಾವ ಕತ್ತಿ ಇದೆ ಅಂತ ಹೇಳುತ್ತದೆಯೇ ಹೊರತು ಎಷ್ಟು ಬೀಸಿದರು ಅಂತಲ್ಲ. ಗಿರಣಿಯವಳಿಗೆ ಬೇಕಾದದ್ದು ಎರಡನೆಯದು.

ಇನ್ನೊಂದು ಪ್ರಯೋಗ ಚಪಾತಿ ತಿನ್ನುವವರಿಗಾಗಿ. 0.9 ಬಂದಿದ್ದ ಅದೇ ಹಿಟ್ಟನ್ನು ಜರಡಿ ಹಿಡಿದು ಬೂಸಾ ಬೇರೆ, ಹಿಟ್ಟು ಬೇರೆ ನೋಡಿದೆ. ಹಿಟ್ಟಿನಲ್ಲಿ 0.6, ಬೂಸಾದಲ್ಲಿ 1.8. ಬೂಸಾಕ್ಕೆ ಈ ಕಿಟ್ ಹೇಳಿ ಮಾಡಿಸಿದ್ದಲ್ಲ ಅಂತ ಚೀಟಿಯಲ್ಲಿದೆ, ಅಂಕಿಯನ್ನು ಅಂದಾಜು ಅಂತಲೇ ತಗೊಳ್ಳಿ. ವಿಷ ಹೊರಪದರದಲ್ಲಿ ಜಾಸ್ತಿ ಎಂಬುದು ಗೊತ್ತಿರುವ ಸಂಗತಿಯೇ. ಮೈದಾ ತಿನ್ನುವವರು ಈ ಒಂದು ವಿಷಯದಲ್ಲಿ ಪಾರು. ಪೂರ್ತಿ ಗೋಧಿ ಹಿಟ್ಟು ಬೇಕು ಅನ್ನುವ ನಮ್ಮಂಥವರೇ ಹುಷಾರಾಗಿರಬೇಕು. ನಾನು ಮಾರಿದ್ದು ಗ್ರ್ಯಾವಿಟಿ ಟೇಬಲ್ ಹಾಯಿಸಿದ 0.6ರ ಗೋಧಿ. ಕೈಯಲ್ಲಿ ಕೇರಿದ್ದರಲ್ಲಿ ಪರೀಕ್ಷೆಗೆ ಹೋಗಿ ಉಳಿದದ್ದು ನಮ್ಮ ಮನೆಗೆ. ಜರಡಿ ಹಿಡಿದು ತಿಂದೆವು.

ಊರಲ್ಲಿ ಗೋಧಿ ಬೆಳೆಯುವವರಿಗೆ ಒಂದು ಮಾತು. ನಮ್ಮ ಧಾರವಾಡದ ಕಡೆ ಎಲೆ ಮೇಲೆ ಕಂದು ಮಚ್ಚೆ ತರುವ ಬೈಪೋಲಾರಿಸ್ ಬೇರೆ ಬೂಸ್ಟು. ಅದರಲ್ಲೂ ಭಾರತದ ಕೆಲವು ತಳಿಗಳಲ್ಲಿ ಟಾಕ್ಸ್-ಎ ಎಂಬ ವಿಷದ ಜೀನ್ ಸಿಕ್ಕಿದೆ. ಒಂದು ಬೂಸ್ಟಿನಿಂದ ಇನ್ನೊಂದಕ್ಕೆ ದಾಟುತ್ತಾ ಬಂದ ಜೀನ್ ಅದು. ಆದರೆ ಅದು ಸಾಯಿಸುವುದು ಟಿಎಸ್‌ಎನ್-1 ಎಂಬ ಜೀನ್ ಇರುವ ಗೋಧಿಯ ಎಲೆಯನ್ನು. ರೊಟ್ಟಿಗೆ ಬರುವ ಡಾನ್ ತರಹದ್ದಲ್ಲ. ಅದಕ್ಕೆಂದು ಈ ಕಿಟ್ ತರಿಸಬೇಡಿ.

ಸಣ್ಣಪುಟ್ಟ ತಕರಾರು: ಯಂತ್ರದ ಮೊಬೈಲ್ ಆಪ್ ಎರಡು ಸಲ ಅರ್ಧಕ್ಕೇ ನಿಂತು ಎರಡು ಪಟ್ಟಿ ಹಾಳಾದವು. ಪಟ್ಟಿ ಫ್ರಿಜ್ಜಿನಲ್ಲಿ ಇಡಬೇಕು, ಹೆಪ್ಪುಗಟ್ಟಬಾರದು. ಎರಡನೇ ಡಬ್ಬಿಯನ್ನು ಜನವರಿಯಲ್ಲಿ ತರಿಸಿದ್ದೆ. ಮೈನಸ್ 28ರ ಚಳಿಯಲ್ಲಿ ಬಾಗಿಲ ಮುಂದೆ ಇಟ್ಟು ಹೋಗಿದ್ದರು. ಅದರಲ್ಲಿ ಪಟ್ಟಿ ಕೆಲಸ ಮಾಡುತ್ತಿದೆ ಅಂತ ತೋರಿಸುವ ಕಂಟ್ರೋಲ್ ಗೆರೆಯೇ ಮೂಡಲಿಲ್ಲ. ಬದಲಿ ಕೊಡಲಿಲ್ಲ.

ನನ್ನ ಲೆಕ್ಕದಲ್ಲಿ ಐದಕ್ಕೆ ಮೂರೂವರೆ. ಅಳತೆಗೆ ಐದು, ಚೀಟಿಗೆ ಎರಡು. ವರ್ಷಕ್ಕೆ ಒಂದು ಮಾದರಿ ಲ್ಯಾಬಿಗೆ ಕಳಿಸುವ ದುಡ್ಡು ತೆಗೆದಿಟ್ಟುಕೊಂಡು ತಗೊಳ್ಳಿ. ಅಂಗಡಿಯ ಹಿಟ್ಟು ತರುವ ಮನೆಗೆ ಇದು ಬೇಕಿಲ್ಲ. ಈ ಸಲ ನಾನು ಸೆಪ್ಟೆಂಬರಿನಲ್ಲೇ ತರಿಸುತ್ತೇನೆ, ಹಿಮ ಬೀಳುವ ಮೊದಲು.